ಆಂಡ್ರ್ಯೂ ಎಂದೂ ಹತ್ತದ ಪಾದೆ

ಎಲ್ಲದಕ್ಕೂ ಕಾರಣ ಆ ಮೈಕ್. ಸಿರಿಲ್ ತೀರಿಹೋಗಿ ತಿಂಗಳಾದ ಆದಿತ್ಯವಾರ, ಉದ್ಯಾವರದ ಇಗರ್ಜಿಯಲ್ಲಿ ಪೂಜೆ ಮುಗಿದ ಕೂಡಲೇ ಯಾರೋ ಅದನ್ನು ತಂದು ಆಂಡ್ರ್ಯೂವಿನ ಕೈಗೆ ಕೊಟ್ಟರು. "ನೀವು ಅವರ ದೋಸ್ತಿ ಅಲ್ವಾ, ಎರಡು ಮಾತು ಹೇಳಿ."

"ಸಿರಿಲ್ ಅಂದ್ರೆ ಕೆಲಸ," ಎಂದು ಆಂಡ್ರ್ಯೂ ಶುರು ಮಾಡಿದ. "ಸೋಮವಾರದಿಂದ ಶನಿವಾರದವರೆಗೆ ಪಂಪ್ ರಿಪೇರಿ. ಅವನ ಕೈಯ ಗ್ರೀಸ್ ಹೋದದ್ದನ್ನು ನಾನು ನೋಡಲಿಲ್ಲ. ಹಾಗೆ ದುಡಿದೇ ಮನೆ ಕಟ್ಟಿದ, ಮಗಳು ರೇಚಲ್‌ಳನ್ನು ನರ್ಸ್ ಮಾಡಿದ. ಆದಿತ್ಯವಾರ ಮಾತ್ರ ಅವನಿಗೆ ಕಾರ್ಕಳದ ಪಾದೆಕಲ್ಲೇ ಬೇಕು. ಗುಡ್ಡ, ಗಾಳಿ, ಬಿಸಿಲು!"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎದುರಿನ ಬೆಂಚಿನಲ್ಲಿ ಹೆಂಡತಿ ರೀನಾ ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದಳು. "ಪ್ರತಿ ವಾರ ಜೊತೆಗೆ ನಾನು!" ಎಂದುಬಿಟ್ಟ.

ಆಂಡ್ರ್ಯೂ ಆ ಪಾದೆಯನ್ನು, ಆ ಬೋಳು ಹೆಬ್ಬಂಡೆಯನ್ನು, ಫೋಟೋದಲ್ಲಿಯೂ ನೋಡಿದವನಲ್ಲ. ಶುಗರ್ ಇಳಿಯಬೇಕಾದರೆ ನಡೆಯಬೇಕು ಎಂದು ಡಾಕ್ಟರ್ ಹೇಳಿದ್ದರು. ಸಿರಿಲಣ್ಣನ ಜೊತೆ ಗುಡ್ಡ ಹತ್ತಿ ಎಂದು ರೀನಾ ಹೇಳಿದ್ದಳು. ಆದರೆ ಆಂಡ್ರ್ಯೂವಿನ ಬೈಕ್ ಪ್ರತಿ ಆದಿತ್ಯವಾರ ಮನೆಯಿಂದ ಹೊರಟು ಮಣಿಪಾಲದಲ್ಲಿ, ಮದುವೆಯಾಗದ ಗೆಳೆಯ ಕ್ಲಾಯ್ಡ್‌ನ ರೂಮಿನ ಎದುರು ನಿಲ್ಲುತ್ತಿತ್ತು. ಫ್ಯಾನಿನ ಕೆಳಗೆ ಗಡದ್ದಾದ ನಿದ್ದೆ, ಮೇಲೊಂದು ಮಸಾಲೆ ದೋಸೆ. ವಾಪಸ್ ಹೊರಡುವಾಗ ಶೂಗೆ ಕೆಂಪುಮಣ್ಣು, ಮುಖಕ್ಕೆ ಬೆವರಿನ ಬದಲು ನಳ್ಳಿ ನೀರು. ರೀನಾಗೆ ಗೊತ್ತಾದರೆ? ತನ್ನ ತಾಯಿಯನ್ನೇ ಕರೆಸಿ ಕಾವಲಿಗೆ ಕೂರಿಸಿಯಾಳು!

ಸಿರಿಲ್‌ನ ಹೆಂಡತಿ ಬರ್ತಾ ಮೆಲ್ಲಗೆ ಎದ್ದುನಿಂತಳು. "ಹಾಗಾದ್ರೆ ಇವತ್ತೇ ಹೋಗುವ ಆಂಡ್ರ್ಯೂ. ಅವರು ಕೂತುಕೊಳ್ತಿದ್ದ ಜಾಗ ತೋರಿಸಿ. ಒಂದು ಹೂ ಇಟ್ಟು ಬರುವ."

"ಇವತ್ತು... ಬಿಸಿಲು..."

"ನಮ್ಮ ಓಮ್ನಿ ಉಂಟು!" ಪಕ್ಕದ ಮನೆಯ ಮ್ಯಾಗ್ಡಲಿನ್ ಬಾಯಿ ಆಗಲೇ ಬಾಗಿಲ ಹತ್ತಿರ ಇದ್ದರು. ಸತ್ತ ಮನೆಯಾಗಲಿ ಮದುವೆ ಮನೆಯಾಗಲಿ, ಅವರ ಓಮ್ನಿ ಮೊದಲು ತಲುಪಬೇಕು.

ದಾರಿಯಲ್ಲಿ ಆಂಡ್ರ್ಯೂ ಬಲೆಗೆ ಬಿದ್ದ ಬೂತಾಯಿ ಮೀನಿನ ಹಾಗೆ ಬಾಯಿ ಬಿಟ್ಟು ಕೂತಿದ್ದ.

"ಪಾದೆ ಹತ್ತುವುದು ಎಡಗಡೆಯಿಂದಲಾ ಬಲಗಡೆಯಿಂದಲಾ?" ಮ್ಯಾಗ್ಡಲಿನ್ ಬಾಯಿ ಕೇಳಿದರು.

"ಅದು... ಗಾಳಿ ನೋಡಿಕೊಂಡು."

"ಗಾಳಿ ನೋಡ್ಲಿಕ್ಕೆ ಅದೆಂತ ದೋಣಿಯಾ ಮಾರಾಯ್ರೆ?"

ರೀನಾ ತಿರುಗಿ ಗಂಡನನ್ನು ನೋಡಿದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಆಗಲೇ ಬರ್ತಾ, ಸಿರಿಲ್‌ನ ಹಳೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಅಲ್ಲಿ ಟೈಗರ್ ಅಂತ ನಾಯಿ ಉಂಟಲ್ವಾ. ಗುರ್ತ ಇಲ್ಲದವರನ್ನು ಹತ್ತಿರ ಬಿಡುವುದಿಲ್ಲ ಅಂತಿದ್ರು. ನಿಮ್ಮನ್ನು ಕಂಡ್ರೆ ಅದಕ್ಕೆ ಖುಷಿಯಾದೀತು."

"ಹೌದೌದು... ಭಾರೀ ಪ್ರೀತಿ," ಎಂದ ಆಂಡ್ರ್ಯೂ. ಅಂಗಿ ಹಿಂಡಿದರೆ ಒಂದು ಕೊಡ ನೀರು ಸಿಗುತ್ತಿತ್ತು.

ಜೊತೆಗೆ ಬಂದಿದ್ದ ರೇಚಲ್‌ಗೆ ಅಪ್ಪ ಬೈಕ್ ನಿಲ್ಲಿಸುತ್ತಿದ್ದ ಗೇರುಮರ ಗೊತ್ತಿತ್ತು. ಓಮ್ನಿ ಅಲ್ಲಿ ನಿಂತಿತು. ಎದುರಿಗೆ ಆನೆಯ ಬೆನ್ನಿನ ಹಾಗೆ ಕಪ್ಪು ಪಾದೆ. ಆಂಡ್ರ್ಯೂ ಒಂದು ಕಾಲು ಕೆಳಗಿಟ್ಟನೋ ಇಲ್ಲವೋ, ಪೊದೆಯಿಂದ ಕರುವಿನ ಗಾತ್ರದ ನಾಯಿಯೊಂದು ಹಾರಿಬಂತು.

"ಅಯ್ಯೋ ದೇವರೇ!"

ಆಂಡ್ರ್ಯೂ ಓಡಿದ. ಎಡವೂ ನೋಡಲಿಲ್ಲ, ಬಲವೂ ನೋಡಲಿಲ್ಲ, ಗಾಳಿಯನ್ನಂತೂ ನೋಡಲೇ ಇಲ್ಲ. ಕೈಕಾಲು ನಾಲ್ಕೂ ಊರಿ ಹಲ್ಲಿಯ ಹಾಗೆ ಪಾದೆ ಏರಿದ. ಹಿಂದಿನಿಂದ ಪರ್ರನೆ ಸದ್ದಾಯಿತು. ಪ್ಯಾಂಟಿನ ಒಂದು ತುಂಡು ಟೈಗರ್ ಪಾಲಾಯಿತು.

ಕೆಳಗೆ ಮ್ಯಾಗ್ಡಲಿನ್ ಬಾಯಿ ವಿಡಿಯೋ ಮಾಡುತ್ತಿದ್ದರು. "ನೋಡಿ ನೋಡಿ, ನಾಯಿಗೆ ಎಷ್ಟು ಪ್ರೀತಿ! ಬಿಡುವುದೇ ಇಲ್ಲ!"

"ಹತ್ತಿ ಹತ್ತಿ ಎಂಥ ಅಭ್ಯಾಸ ಇವರಿಗೆ," ಎಂದಳು ರೀನಾ. "ನಾನೇ ಸುಮ್ಮನೆ ಸಂಶಯ ಮಾಡಿದೆ."

ಪಾದೆಯ ನೆತ್ತಿಯಲ್ಲಿ ಒಂದು ಚಪ್ಪಟೆ ಜಾಗ, ಅಲ್ಲೊಂದು ನಜ್ಜುಗುಜ್ಜಾದ ಅಲ್ಯೂಮಿನಿಯಂ ತಟ್ಟೆ. ಸಿರಿಲ್ ನಾಯಿಗೆ ಅನ್ನ ಹಾಕುತ್ತಿದ್ದದ್ದೇ ಇರಬೇಕು. "ಇಲ್ಲೇ! ಇದೇ ಜಾಗ!" ಎಂದು ಆಂಡ್ರ್ಯೂ ಕಿರುಚಿ, ಹರಿದ ಕಡೆಗೆ ಕೈ ಅಡ್ಡ ಹಿಡಿದು ಕೂತ. ತುಂಡು ಕಚ್ಚಿಕೊಂಡ ಟೈಗರ್ ಸ್ವಲ್ಪ ದೂರದಲ್ಲೇ ನಿಂತಿತು. ಬದುಕಿದೆ ಎನಿಸಿತು.

ಎಲ್ಲರಿಗಿಂತ ಮೊದಲು ಬರ್ತಾ ಏದುಸಿರು ಬಿಡುತ್ತ ಮೇಲೆ ಬಂದಳು. ಅವಳ ಕೈಯ ಚೀಲವನ್ನು ಮೂಸಿದ್ದೇ ತಡ, ಟೈಗರ್ ಕುಂಯ್ ಎಂದು ಅವಳ ಕಾಲಬುಡದಲ್ಲಿ ಮಲಗಿತು. ಅವಳು ಅದರ ತಲೆ ಸವರಿ, ಹೂವನ್ನು ತಟ್ಟೆಯ ಪಕ್ಕ ಇಟ್ಟಳು. ಆಮೇಲೆ ಆಂಡ್ರ್ಯೂವಿನ ಕಿವಿಯ ಹತ್ತಿರ ಬಗ್ಗಿದಳು.

"ನೀವು ಒಂದು ದಿನವೂ ಬರ್ಲಿಲ್ಲ. ನನಗೆ ಗೊತ್ತುಂಟು."

ರೀನಾ ಎಲ್ಲಿಯವರೆಗೆ ಬಂದಳೆಂದು ಆಂಡ್ರ್ಯೂ ಕೆಳಗೆ ಇಣುಕಿದ.

"ಸಿರಿಲ್ ಎಲ್ಲ ಹೇಳ್ತಿದ್ರು. ಪಾಪ, ಮಲಗಲಿ ಬಿಡು ಅಂತಿದ್ರು."

"ಬರ್ತಾ ಬಾಯಿ, ರೀನಾಗೆ ಮಾತ್ರ..."

"ನಾನ್ಯಾಕೆ ಹೇಳ್ಲಿ? ಆಸ್ಪತ್ರೆಯಲ್ಲಿ ಕೊನೆಗೆ ಅವರಿಗೆ ಇದ್ದದ್ದು ಒಂದೇ ಚಿಂತೆ. ಬೇರೆ ದಿನ ಕೆಳಗಿನ ಮನೆಯವರು ಟೈಗರ್‌ಗೆ ಅನ್ನ ಹಾಕ್ತಾರೆ, ಆದಿತ್ಯವಾರ ಇದು ಇಲ್ಲೇ ಬಂದು ಕಾಯ್ತದೆ, ಇನ್ನು ಯಾರು ಬರ್ತಾರೆ ಅಂತ. ಇವತ್ತು ಹೇಗೋ ಹತ್ತಿದೆ, ಪ್ರತಿ ವಾರ ನನ್ನ ಮೊಣಕಾಲಿಗೆ ಆಗುವುದಿಲ್ಲ." ಚೀಲವನ್ನು ಅವನ ಹೆಗಲಿಗೆ ಹಾಕಿದಳು. "ಅದಕ್ಕೇ ಮೈಕ್ ನಿಮಗೆ ಕೊಡ್ಲಿಕ್ಕೆ ಹೇಳಿದ್ದು. ರೀನಾಳನ್ನು ಎದುರಿನ ಬೆಂಚಿನಲ್ಲಿ ಕೂರಿಸಿದ್ದೂ ನಾನೇ."

ಅಷ್ಟರಲ್ಲಿ ರೀನಾ ಮೇಲೆ ತಲುಪಿದಳು. ಗಂಡನ ಹೆಗಲ ಮೇಲಿನ ಚೀಲ ಕಂಡು ಅವಳ ಕಣ್ಣು ತುಂಬಿತು. "ಸಿರಿಲಣ್ಣ ಇಲ್ಲ ಅಂತ ನೀವು ಬರುವುದು ನಿಲ್ಲಿಸ್ಲಿಕ್ಕಿಲ್ಲ ಆಯ್ತಾ. ಒಂದು ಆದಿತ್ಯವಾರವೂ ತಪ್ಪಬಾರದು!"

ಟೈಗರ್ ಎದ್ದು ಬಂದು, ಪ್ಯಾಂಟಿನ ತುಂಡನ್ನು ಆಂಡ್ರ್ಯೂವಿನ ಎದುರು ಇಟ್ಟು, ಉಳಿದದ್ದನ್ನು ಬರುವ ವಾರ ನೋಡುವ ಎಂಬಂತೆ ಬಾಲ ಅಲ್ಲಾಡಿಸಿತು.