ರೇಡಿಯೇಟರಿನ ನೀರು, ನನ್ನ ನೆನಪು

ಯಾವುದನ್ನೂ ಪರೀಕ್ಷಿಸದೆ ನಂಬಬಾರದು ಎಂದು ದಾಂಡೇಲಿಯ ಹುಡುಗರಿಗೆ ವರ್ಷಗಟ್ಟಲೆ ರಸಾಯನಶಾಸ್ತ್ರ ಕಲಿಸುತ್ತ ಹೇಳಿಕೊಂಡು ಬಂದವನು ನಾನು. ಹೀಗೆ ಸಂಶಯಪಡುವವನಿಗೆ ಒಂದು ಅಪಾಯವಿದೆ. ಲೋಕದ ಮೇಲಿನ ಸಂಶಯ ತೀರಿದ ಮೇಲೆ ಅದು ಮೆಲ್ಲಗೆ ತಿರುಗಿ ಅವನ ಮೇಲೆಯೇ ಬರುತ್ತದೆ. ನನ್ನ ಮೇಲೆ ಅದು ಕಾರಿನಲ್ಲಿ ಕೂತು ಬಂತು.

ಆ ಕಾರು ನನ್ನ ಸಂಸಾರಕ್ಕಿಂತ ಎರಡು ವರ್ಷ ಹಿರಿಯದು. ನಾನು ಅದರ ನಾಲ್ಕನೆಯ ಮಾಲೀಕ. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ರೇಡಿಯೇಟರಿನ ನೀರು ಕಾಣೆಯಾಗತೊಡಗಿತು. ಒಮ್ಮೆ ಹಳಿಯಾಳದ ದಾರಿಯಲ್ಲಿ ಎಂಜಿನ್ ಕುದ್ದು ಹಬೆ ಎದ್ದಿತು. ನಾನೂ ಹೆಂಡತಿ ಶಾಂತಾಳೂ ಸಾಗವಾನಿ ಮರದ ಕೆಳಗೆ ಒಂದು ತಾಸು ಕೂತೆವು. ಅಂದಿನಿಂದ ನನ್ನ ತನಿಖೆ ಶುರು. ರಾತ್ರಿ ಕಾರಿನ ಕೆಳಗೆ ದಿನಪತ್ರಿಕೆ ಹಾಸಿದೆ. ಬೆಳಿಗ್ಗೆ ನೋಡಿದರೆ ಕಾಗದ ಅದರ ಸಂಪಾದಕೀಯದಷ್ಟೇ ಒಣಗಿತ್ತು. ಆಯಿಲ್‌ನಲ್ಲಿ ನೀರು ಬೆರೆತಿದೆಯೇ ಎಂದು ಅಳತೆಕಡ್ಡಿ ಎಳೆದು ನೋಡಿದೆ. ಸೈಲೆನ್ಸರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಹೊಗೆ ಮೂಸಿದೆ. ದಾರಿಯಲ್ಲಿ ಹೊರಟಿದ್ದ ವಿದ್ಯಾರ್ಥಿಯೊಬ್ಬ ಅದೇ ಹೊತ್ತಿಗೆ "ನಮಸ್ಕಾರ ಸರ್" ಅಂದ. ಹೊಗೆಯೊಳಗಿಂದಲೇ ನಮಸ್ಕಾರ ಹೇಳಿದೆ.

ನೀರು ಹೋಗುವುದಾದರೂ ಸಹಿಸಬಹುದು. ನನ್ನನ್ನು ಹೆದರಿಸಿದ್ದು ಬೇರೆ: ನೀರು ಬರುತ್ತಲೂ ಇತ್ತು! ಸಂಜೆ ನಾಲ್ಕು ಬೆರಳು ಇಳಿದಿದ್ದ ನೀರು ಮರುದಿನ ಕಾಲೇಜಿಗೆ ಹೊರಡುವಾಗ ಕಂಠಮಟ್ಟ ಇರುತ್ತಿತ್ತು. ಹಾಕಿದ ನೆನಪು ನನಗಿಲ್ಲ. ಹಾಗಾದರೆ ಹಾಕಿ ಮರೆತೆನೇ? ನಮ್ಮಪ್ಪ ಐವತ್ತರ ಹೊತ್ತಿಗೆ ಮರೆಯತೊಡಗಿ, ಕೊನೆಗೊಮ್ಮೆ ನನ್ನನ್ನೇ "ಯಾರ ಪೈಕಿ ನೀವು?" ಎಂದು ಬಹುವಚನದಲ್ಲಿ ಕೇಳಿದವರು. ನನಗಾಗ ನಲವತ್ತೊಂಬತ್ತು. ದೀಪಾವಳಿ ಮುಗಿದೊಡನೆ ಮುಂಡಗೋಡದಿಂದ ಬಸುರಿ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಬಸ್ಸಿನ ಕುಲುಕಾಟ ಬೇಡ, ಕಾರು ತರುತ್ತೇನೆ ಎಂದು ಬೀಗರಿಗೆ ಮಾತು ಕೊಟ್ಟವನೂ ನಾನೇ. ನೀರು ಹಾಕಿದ್ದನ್ನು ಮರೆತವನು ನಾಳೆ ಬ್ರೇಕನ್ನು ಮರೆತರೆ?

ಗುಟ್ಟಾಗಿ ಒಂದು ನೋಟುಬುಕ್ಕು ಇಟ್ಟೆ. ದಿನವೂ ಎರಡು ಹೊತ್ತು ನೀರಿನ ಮಟ್ಟ ಬರೆದೆ. ಆರು ವಾರದಲ್ಲಿ ತಿಳಿದದ್ದಿಷ್ಟು: ಬೆಳಿಗ್ಗೆ ನೀರು ತುಂಬಿರುತ್ತದೆ, ಹದಿನೈದು ದಿನಕ್ಕೊಮ್ಮೆ ಮಾತ್ರ ಇಳಿದಂತೆಯೇ ಇರುತ್ತದೆ. ಆ ದಿನಗಳಿಗೆ ಕೆಂಪು ಸುತ್ತು ಹಾಕಿದೆ. ಚಂದ್ರನ ಪ್ರಭಾವವೇ ಎಂಬ ಯೋಚನೆ ಬಂದಾಗ ನಾನು ಪಡೆದ ಪದವಿ ನೆನೆದು ನಾಚಿಕೆಯಾಯಿತು. ಬಹುಶಃ ನೀರು ಹಾಕಿದ್ದನ್ನೂ ಮರೆತು, ಹಾಕಿದೆನೆಂದು ಬರೆಯುವುದನ್ನೂ ಮರೆಯುತ್ತಿದ್ದೆ. ಎಲ್ಲರೂ ತಮ್ಮ ಗಾಡಿ ಸೋರದಿರಲಿ ಎಂದು ಬಯಸಿದರೆ, ನಾನು ದೇವರನ್ನು ನಂಬದೆಯೂ ಇದು ಸೋರಲಪ್ಪಾ ಎಂದು ಬೇಡಿಕೊಂಡೆ. ಕಾರು ಸೋರದಿದ್ದರೆ ಸೋರುತ್ತಿರುವುದು ನನ್ನ ತಲೆ.

ಕೊನೆಗೆ ನಾನೂ ಶಾಂತಾಳೂ ಹಳಿಯಾಳದ ಮಿಸ್ತ್ರಿ ಬಸ್ತ್ಯಾಂವನ ಬಳಿ ಹೋದೆವು. ಅವನು ಎಂಜಿನ್ ಚಾಲೂ ಇಡಿಸಿ, ಬಗ್ಗಿ, ಒಂದು ಬೀಡಿ ಸೇದುವಷ್ಟು ಹೊತ್ತು ನೋಡಿದ.

"ಇಲ್ಲಿ ನೋಡ್ರಿ ಸರ್, ನೀರಿನ ಪಂಪಿನ ಕೆಳಗ ಬಿಳಿ ಗೆರಿ. ಎಂಜಿನ್ ತಿರುಗೂ ಮುಂದ ಅಷ್ಟ ಸೋರತೈತಿ, ಫ್ಯಾನಿನ ಗಾಳಿಗೆ ಹಾರಿ ಹೋಗತೈತಿ. ನೀವು ನಿಂತ ಗಾಡೀನ ಪರೀಕ್ಷಾ ಮಾಡೀರಿ."

"ಅಂದರ ಸೋರೂದು ಖರೇ?" ಎಂದೆ. ನನ್ನ ಸಂತೋಷ ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಖರೇನ. ಆದರ ಇಷ್ಟು ಸೋರಿದ್ರ ದಿನಾ ಒಂದು ತಂಬಿಗಿ ನೀರು ಬೇಕ್ರಿ. ಯಾರು ಹಾಕ್ತಾರ?"

ನಾನು ನೋಟುಬುಕ್ಕು ಚಾಚಿದೆ. ಅವನು ಎಣ್ಣೆಬೆರಳನ್ನು ಕೆಂಪು ಸುತ್ತಿನ ಮೇಲಿಟ್ಟು, "ಈ ದಿನ ಯಾರೂ ಹಾಕಿಲ್ಲ. ಏನಿತ್ತು ಅವತ್ತು?" ಎಂದ.

ಬೆಂಚಿನ ಮೇಲಿದ್ದ ಶಾಂತಾ ಬಂದು ತಾರೀಕು ನೋಡಿ, "ಏಕಾದಶಿ" ಅಂದಳು. "ಅವತ್ತು ತುಳಸಿಗೂ ಉಪಾಸ, ನಮ್ಮ ತವರಿನ ಪದ್ಧತಿ. ನೀರು ಹಾಕೂದಿಲ್ಲ. ಉಳಿದ ದಿನ ತುಳಸಿಗೆ ಹಾಕಿ ಇದಕ್ಕೂ ಒಂದು ತಂಬಿಗಿ ಹಾಕ್ತೇನಿ. ರಸ್ತಾದಾಗ ಕುದ್ದಿದ್ದು ನೋಡಿ ಸಂಕಟ ಆಗಿತ್ತು."

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ಒಂದು ಪುಸ್ತಕ ಬಚ್ಚಿಟ್ಟುಕೊಂಡು ಬರಕೋತ ಕೂತಿದ್ರಿ. ಕವಿತಾ ಬರೀತಾರಂತ ತಿಳದು ಸುಮ್ಮನಿದ್ದೆ."

ಹೊಸ ಪಂಪು ಹಾಕಲು ಕಾರು ಎಂಟು ದಿನ ಅಲ್ಲಿಯೇ ಉಳಿಯಿತು. ಮುಂಡಗೋಡಕ್ಕೆ ಹೊರಡುವ ಹಿಂದಿನ ಸಂಜೆ ಮನೆಗೆ ತಂದೆ. ಬೆಳಿಗ್ಗೆ ನೋಡುತ್ತೇನೆ, ಕಾರಿನ ಕೆಳಗೆ ನೀರು! ಶಾಂತಾಳಿಗೆ ಹೇಳಿದರೆ ಹೆದರುತ್ತಾಳೆಂದು ಬಾಯಿ ಬಿಡದೆ ಹಳಿಯಾಳದವರೆಗೆ ಉಸಿರು ಹಿಡಿದು ಓಡಿಸಿ, ಮಿಸ್ತ್ರಿಯ ಮುಂದೆ ನಿಲ್ಲಿಸಿ ಕೂಗಿದೆ: "ಬಸ್ತ್ಯಾಂವ, ಮತ್ತ ಸೋರಾಕ ಹತ್ತೇತಿ!"

ಅವನು ಬಾನೆಟ್ಟು ಮುಟ್ಟಲಿಲ್ಲ. ಕಿಟಕಿಯಲ್ಲಿ ಬಗ್ಗಿ ಒಳಗಿದ್ದ ಶಾಂತಾಳಿಗೆ, "ಬಾಯಾರ, ಇವತ್ತೂ ನೀರು ಹಾಕೀರೇನ್ರಿ?" ಎಂದ.

"ಹಾಕೇನಲ್ಲಪಾ. ದೂರದ ಹಾದಿ ಅಂತ ಎರಡು ತಂಬಿಗಿ ಹಾಕೇನಿ."

ತುಂಬಿದ್ದ ರೇಡಿಯೇಟರು ಹೆಚ್ಚಾದದ್ದನ್ನು ಅಂಗಳಕ್ಕೆ ಉಗುಳಿತ್ತು, ಅಷ್ಟೇ. ಎಂಟು ದಿನದ ಹಿಂದೆ ಅದೇ ಜಾಗದಲ್ಲಿ ನಿಂತು ಕೇಳಿದ್ದ ತುಳಸಿಯ ಕಥೆ ನನ್ನ ತಲೆಯಿಂದ ಆವಿಯಾಗಿ ಹೋಗಿತ್ತು.

"ನಡೀರಿ, ಹುಡುಗಿ ಬಾಗಿಲದಾಗ ನಿಂತಿರ್ತಾಳ" ಅಂದಳು ಶಾಂತಾ. ಹೊರಟೆವು. ಮುಂಡಗೋಡದವರೆಗೆ ಎಂಜಿನ್ ಒಮ್ಮೆಯೂ ಕುದಿಯಲಿಲ್ಲ, ಬ್ರೇಕು ಇದ್ದಲ್ಲೇ ಇತ್ತು. ನನ್ನ ತಲೆ ಸ್ವಲ್ಪ ಸೋರುತ್ತದೆ ಎಂಬುದು ಈಗ ಖಚಿತ. ಆದರೆ ಸೋರಿದ್ದನ್ನು ದಿನಾ ಬೆಳಿಗ್ಗೆ ತುಂಬಿಸುವವರಿದ್ದಾರೆ ಎಂಬುದೂ ಪರೀಕ್ಷೆಯಿಂದಲೇ ಸಿದ್ಧವಾಗಿದೆ, ಏಕಾದಶಿಯೊಂದನ್ನು ಬಿಟ್ಟು.