ಬೀಟೆ ಮರಕ್ಕೆ ಒಳಮಡಿಕೆಯಿಲ್ಲ

ಎಲ್ಲಕ್ಕೂ ಮೂಲ ಮಗಳು ಫೋನಿನಲ್ಲಿ ಆಡಿದ ಒಂದು ಮಾತು. "ತಾತನ ಕೋವಿ ನಂಗೆ ಉದ್ದ ಆಗುತ್ತೆ ಕಣಪ್ಪಾ, ಅದ್ರಲ್ಲಿ ಪ್ರಾಕ್ಟೀಸ್ ಆಗಲ್ಲ. ರಜಕ್ಕೆ ಎರಡು ದಿನ ಬಂದಿದ್ದು ವಾಪಸ್ ಹೋಗ್ತೀನಿ" ಅಂದಿದ್ದಳು ಸ್ಪಂದನಾ.

ತರೀಕೆರೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೊನ್ನೇಶನಿಗೆ ಇರುವವಳು ಅವಳೊಬ್ಬಳೇ. ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟದಲ್ಲಿ ಕೈ ಕುದುರಿ, ಮೈಸೂರಿನ ಕ್ರೀಡಾ ಹಾಸ್ಟೆಲ್ ಸೇರಿ ವರ್ಷದ ಮೇಲಾಗಿತ್ತು. ದಸರಾಕ್ಕೆ ಪಂದ್ಯ, ದೀಪಾವಳಿಗೆ ಕ್ಯಾಂಪು, ಯುಗಾದಿಗೆ ಪರೀಕ್ಷೆ. ಅಪ್ಪನ ಪಾಲಿಗೆ ಉಳಿದದ್ದು ಅಂಗೈಯಗಲದ ಫೋನಿನಲ್ಲಿ ಕಾಣುವ ಮುಖ. ರಾತ್ರಿ ಗಿರಣಿ ನಿಲ್ಲಿಸಿ ಬಂದರೆ ಮನೆ ಎಷ್ಟು ಸದ್ದಿಲ್ಲದೆ ಇರುತ್ತಿತ್ತೆಂದರೆ, ಅವನಿಗೆ ಮತ್ತೆ ಹೋಗಿ ಗಿರಣಿ ಹಾಕೋಣ ಅನ್ನಿಸುತ್ತಿತ್ತು.

ಕೋವಿಯೇನೋ ಮನೆಯಲ್ಲಿತ್ತು. ಹಂದಿ ಕಾಟಕ್ಕೆಂದು ಅವನಪ್ಪ ಹೊನ್ನಯ್ಯ ಲೈಸೆನ್ಸ್ ಮಾಡಿಸಿದ್ದು, ಈಗ ಮಗನ ಹೆಸರಿನಲ್ಲಿದೆ. ಸ್ಪಂದನಾಳ ಅಭ್ಯಾಸಕ್ಕೆ ತೋಟಾ ಬೇಕಿರಲಿಲ್ಲ. ಖಾಲಿ ಕೋವಿಯನ್ನೇ ದಿನಾ ನೂರಾರು ಸಲ ಎತ್ತಿ ಹೆಗಲಿಗೆ ಕೊಟ್ಟು ಇಳಿಸಬೇಕು. ಅಂದಮೇಲೆ ಹೆಗಲಿಗೆ ಒರಗುವ ಹಿಂದಿನ ಬೀಟೆ ಮರವನ್ನು ಮಗಳ ಅಳತೆಗೆ ಕೊಯ್ಸಿಬಿಟ್ಟರೆ, ಮಗಳು ರಜ ಪೂರ್ತಿ ಮನೆಯಲ್ಲಿ. ಇಷ್ಟು ಸುಲಭದ ಲೆಕ್ಕ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಹೊನ್ನೇಶ ತನ್ನ ತಲೆಗೆ ತಾನೇ ಮೊಟಕಿಕೊಂಡ. ಹೊಳೆದದ್ದು ಅವಳು ಬರುವ ದಿನ ಬೆಳಿಗ್ಗೆ.

ಹೆಂಡತಿ ಕಾಂತಮ್ಮ ಬಟ್ಟೆ ಹೊಲಿಯುವವಳು. ಮಿಶಿನ್ನಿನಿಂದ ತಲೆ ಎತ್ತದೆ ಹೇಳಿದಳು: "ಬೆಳೆಯೋ ಮಕ್ಕಳ ಬಟ್ಟೆಗೆ ಒಳಮಡಿಕೆ ಬಿಟ್ಟು ಹೊಲೀತೀವಿ, ಬೇಕಾದಾಗ ಬಿಚ್ಕೋಬೋದು. ಮರಕ್ಕೆ ಒಳಮಡಿಕೆ ಇರಲ್ಲ ಕಣ್ರೀ. ಸಂಜೆ ಅವಳೇ ಬತ್ತಾಳೆ, ಆಮೇಲೆ ಕೊಯ್ಸಿ."

ಮಾತು ಚಿನ್ನದಂಥದ್ದು. ಆದರೆ ಹೆಂಡತಿಯ ಮಾತು ಕೇಳಿ ನಡೆದಿದ್ದರೆ ಅವನ ಕತೆ ಹೇಳುವ ಕೆಲಸ ನಮಗ್ಯಾಕೆ ಬರುತ್ತಿತ್ತು? ಬಂದವಳು ಕೋವಿ ಉದ್ದ ಇರುವುದನ್ನು ಕಂಡ ಕೂಡಲೇ ವಾಪಸ್ ಟಿಕೆಟ್ ಮಾಡಿಸಿಬಿಟ್ಟರೆ ಎಂಬ ದಿಗಿಲು ಅವನಿಗೆ. ನಳಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಟೆ ಮರವನ್ನಷ್ಟೇ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಬಡಗಿ ಅಂಜಿನಪ್ಪನ ಅಂಗಡಿಗೆ ಹೊರಟ. ರಾಗಿ ಹೊತ್ತು ಬಂದ ಹೆಂಗಸರು ಬೀಗ ಹಾಕಿದ ಗಿರಣಿಯ ಮುಂದೆ ನಿಂತು ಅವನ ವಂಶವನ್ನೆಲ್ಲ ನೆನೆದುಕೊಂಡರು.

ಅಂಜಿನಪ್ಪ ಮರವನ್ನು ತಿರುಗಿಸಿ ನೋಡಿ ಅಳತೆ ಕೇಳಿದ. ಮೊಣಕೈ ಮಡಚಿದ ಕಡೆ ಮರದ ತುದಿಯಿಟ್ಟರೆ ತೋರುಬೆರಳು ಗುಂಡು ಹಾರಿಸಲು ಎಳೆಯುವ ಕುದುರೆಗೆ ಸರಿಯಾಗಿ ಸಿಗಬೇಕು, ಹುಡುಗಿಯ ಕೈ ಎಷ್ಟುದ್ದ? ಹೊನ್ನೇಶ ಜೇಬಿನಿಂದ ಮಗಳ ಹಳೆಯ ಯೂನಿಫಾರ್ಮ್ ಶರಟು ತೆಗೆದು ಗೆದ್ದವನಂತೆ ಹರವಿದ. ಅದು ಅರ್ಧ ತೋಳಿನ ಶರಟು.

ಅಷ್ಟರಲ್ಲಿ ಪಕ್ಕದ ಮನೆಯ ಗಿಡ್ಡಪ್ಪ ಬಂದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಮೇಲೆ ಊರಿನವರ ಕೆಲಸಗಳಿಗೆಲ್ಲ ರೈಟ್ ಹೇಳುವುದೇ ಅವನ ಕೆಲಸ. ಹೋಗುವಾಗ ಮಗಳು ಎಷ್ಟೆತ್ತರ ಇದ್ದಳು ಎಂದು ವಿಚಾರಿಸಿದ. ಹೊನ್ನೇಶ ಅಂಗೈಯನ್ನು ತನ್ನ ಶರಟಿನ ಜೇಬಿನ ಮೇಲಂಚಿಗೆ ಇಟ್ಟುಕೊಂಡ. ರೈಲು ಹತ್ತುವ ಮುಂಚೆ ಅವಳು ತಬ್ಬಿಕೊಂಡಾಗ ನೆತ್ತಿ ಅಲ್ಲಿಗೇ ಬಂದಿತ್ತು. ಇಟ್ಟ ಕೈಯನ್ನು ಬೇಗ ತೆಗೆಯುವುದಕ್ಕೂ ಅವನಿಂದಾಗಲಿಲ್ಲ.

ಅಂಜಿನಪ್ಪ ಆ ಜೇಬನ್ನೂ ಗಿಡ್ಡಪ್ಪನನ್ನೂ ನೋಡಿದ. ಆಮೇಲೆ ಮೂವರೂ ಒಟ್ಟಿಗೇ ನೋಡಿದರು. ಹೆಸರಿಗೆ ತಕ್ಕ ಆಳಾದ ಗಿಡ್ಡಪ್ಪನ ನೆತ್ತಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೇಬಿಗೇ ಬರುತ್ತಿತ್ತು. ಅವನು ಮೊದಲು ಮುಖ ಊದಿಸಿದರೂ, ಊರಿನ ಹುಡುಗಿಗಾಗಿ ಅಂತ ತೋಳು ಮಡಚಿ ನಿಂತ. "ಹೆಣ್ಣುಮಗು ಕೈ, ಇನ್ನೊಂದು ಬೆರಳು ಕಮ್ಮಿ ಇರ್ಲಿ" ಅಂತ ಸಲಹೆಯನ್ನೂ ಸೇರಿಸಿದ. ಗರಗಸ ಆಡಿತು. ನಾಲ್ಕು ಬೆರಳಗಲದ ಬೀಟೆ ತುಂಡು ಕೆಳಗೆ ಬಿತ್ತು.

ಮನೆಗೆ ಬಂದು ಹೊನ್ನೇಶ ಬಚ್ಚಲ ಒಲೆ ಹಚ್ಚಿದ. ಮಗಳಿಗೆ ಹಂಡೆಯ ನೀರೇ ಆಗಬೇಕು, ಹಾಸ್ಟೆಲ್ಲಿನ ಗೀಸರ್ ನೀರಲ್ಲಿ ಸ್ನಾನ ಮಾಡಿದಂಗೇ ಆಗಲ್ಲ ಅಂತ ಫೋನಿನಲ್ಲಿ ಎಷ್ಟು ಸಲ ಹೇಳಿದ್ದಳೋ. ಸೌದೆ ಹಸಿ, ಬರೀ ಹೊಗೆ. ಅಂಗಡಿಯಿಂದ ಜೇಬಿಗೆ ಹಾಕಿಕೊಂಡು ತಂದಿದ್ದ ಬೀಟೆ ತುಂಡನ್ನು ಒಳಗೆ ತಳ್ಳಿದ. ತಾತನ ಕಾಲದ ಒಣ ಮರ, ಬೆಂಕಿ ಸೊಗಸಾಗಿ ಹಿಡಿಯಿತು.

ಸಂಜೆ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಇಳಿಯುವವರ ನಡುವೆ ಹೊನ್ನೇಶನ ಕಣ್ಣು ತನ್ನ ಜೇಬಿನ ಮಟ್ಟದಲ್ಲೇ ಹುಡುಕುತ್ತಿತ್ತು. ಬ್ಯಾಗು ಹೊತ್ತ ಉದ್ದನೆಯ ಹುಡುಗಿಯೊಬ್ಬಳು ಬಂದು ಎದುರಿಗೇ ನಿಂತು ಎಲ್ಲ ಮರೆ ಮಾಡಿಬಿಟ್ಟಳು.

"ಸ್ವಲ್ಪ ಪಕ್ಕಕ್ಕೆ ನಿಂತ್ಕಳಮ್ಮ" ಅಂದ ಹೊನ್ನೇಶ, ಅವಳಾಚೆಗೆ ಕತ್ತು ಚಾಚಿ. "ನನ್ ಮಗಳು ಇಳೀತಾಳೆ, ಚಿಕ್ಕ ಹುಡುಗಿ."

"ಅಪ್ಪಾ, ನಾನೇ."

ಅವನು ಮುಖ ಎತ್ತಿದ. ಫೋನಿನಲ್ಲಿ ದಿನಾ ನೋಡುತ್ತಿದ್ದ ಮುಖವೇ, ಆದರೆ ಅದು ಅವನ ಕಣ್ಣಿನ ನೇರಕ್ಕೆ ಬಂದುಬಿಟ್ಟಿತ್ತು. ತಬ್ಬಿಕೊಂಡಾಗ ಅವಳ ಗಲ್ಲ ಅವನ ಹೆಗಲ ಮೇಲೆ ಕೂತಿತು. ಹೊನ್ನೇಶನಿಗೆ ಒಂದೇ ಸಲಕ್ಕೆ ಸಂತೋಷವೂ ಅಳುವೂ ಬಂದವು. ಇಷ್ಟು ಬೆಳೆಯುವಾಗ ನಾನು ಎಲ್ಲಿದ್ದೆ ಅಂದುಕೊಂಡ. ಆಮೇಲೆ ಬೀಟೆ ಮರದ ನೆನಪಾಯಿತು.

ಮನೆಯಲ್ಲಿ ಕಾಂತಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಳೆಯ ಲಂಗದ ಒಳಮಡಿಕೆ ಬಿಚ್ಚಲು ಕೂತಳು. ಪಕ್ಕದ ಮನೆಯ ಗಿಡ್ಡಪ್ಪನೂ ಹಾಜರಾದ. ಮರ ಮತ್ತೆ ಜೋಡಿಸಿದ ಕೋವಿಯನ್ನು ಸ್ಪಂದನಾ ಎತ್ತಿ ಹೆಗಲಿಗೆ ಕೊಟ್ಟದ್ದೇ, ಅವಳ ಹೆಬ್ಬೆರಳ ಗೆಣ್ಣು ಅವಳ ಮೂಗಿಗೇ ಬಡಿಯಿತು.

"ಇದ್ಯಾಕಪ್ಪಾ ಇಷ್ಟು ಮೊಟಕಾಯ್ತು?" ಮೂಗು ಉಜ್ಜಿಕೊಳ್ಳುತ್ತ ಕೇಳಿದಳು. "ಹಾಸ್ಟೆಲಲ್ಲಿ ಮೊನ್ನೆ ಅಳತೆ ನೋಡಿದ್ರು. ಈಗ ತಾತನ ಕೋವಿ ನಂಗೆ ಸರಿಯಾಗಿ ಹೊಂದುತ್ತೆ ಅಂತ ಗೊತ್ತಾಯ್ತು. ಅದಕ್ಕೇ ರಜ ಪೂರ್ತಿ ಮನೇಲೇ ಇರ್ತೀನಿ ಅಂತ ಕೋಚ್‌ಗೆ ಹೇಳಿ ಬಂದೆ. ನಿಂಗೆ ಹೇಳಿರಲಿಲ್ಲ, ಎದುರಿಗೇ ಹೇಳಿ ನಿನ್ ಮುಖ ನೋಡೋಣ ಅಂತ."

ಆ ಮುಖವನ್ನು ನೋಡಲಾಗುತ್ತಿರಲಿಲ್ಲ. ಗಿಡ್ಡಪ್ಪ ಮೆಲ್ಲಗೆ ಕೋವಿ ಇಸಿದುಕೊಂಡು ಮೊಣಕೈಗೆ ಇಟ್ಟು ನೋಡಿದ. "ನಂಗೆ ಹೇಳಿ ಮಾಡಿಸ್ದಂಗೈತೆ ಕಣೋ ಹೊನ್ನೇಶ" ಅಂದ.

ಸ್ಪಂದನಾ ಅಪ್ಪನ ಕೈ ಹಿಡಿದುಕೊಂಡಳು. "ಇರ್ಲಿ ಬಿಡಪ್ಪಾ, ಅಳಬೇಡ. ಕೊಯ್ದಿದ್ ತುಂಡು ಇದ್ರೆ ವಾಪಸ್ ಕೂರಿಸ್ಬೋದು, ಹಾಸ್ಟೆಲಲ್ಲೂ ಹಂಗೇ ಮಾಡ್ತಾರೆ. ನಾನು ಎಲ್ಲೂ ಹೋಗಲ್ಲ. ಎಲ್ಲಿ ಆ ತುಂಡು?"

ಹೊನ್ನೇಶ ಬಚ್ಚಲ ಕಡೆ ನೋಡಿದ. ಹಂಡೆಯಿಂದ ಹಬೆ ಏಳುತ್ತಿತ್ತು.

"ನೀರು ಚೆನ್ನಾಗಿ ಕಾದೈತೆ ಮಗಳೇ" ಅಂದ. "ಮೊದ್ಲು ಸ್ನಾನ ಮಾಡು."