ಹೊಳೆಗೆ ಮಾರ್ಕ್ಸ್ ಹಾಕಿದ ದಿನಗಳು

ನದಿಯ ಯೋಗಕ್ಷೇಮ ವಿಚಾರಿಸೋಕೆ ಹೊರಟವನಿಗೆ ಮರ್ಯಾದೆ ಉಳಿಯಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಸಿಕ್ಕ ಕೆಲಸವೇ ಅದು. ವೃಷಭಾವತಿ ಹುಟ್ಟುವ ಕಡೆಯೆಲ್ಲ ಅಲೆದು, ಒಂದೊಂದು ತುಂಡಿಗೂ ಮಾರ್ಕ್ಸ್ ಹಾಕಬೇಕು. ಎಲ್ಲಿ ಇನ್ನೂ ಜೀವ ಇದೆಯೋ ಅದನ್ನು ಮೊದಲು ಉಳಿಸ್ತಾರೆ. ಫೇಲಾದದ್ದರ ಮೇಲೆ ಚಪ್ಪಡಿ ಎಳೀತಾರೆ. ನಗುವಂಥ ಕೆಲಸವೇ ಅಲ್ಲ. ಆದರೂ ಏನಾದರೊಂದು ಆಗ್ತಾನೇ ಇತ್ತು.

೧. ವಿಳಾಸ

ಮಲ್ಲೇಶ್ವರದ ಮೋರಿ ಸೇತುವೆ ಮೇಲೆ ನಿಂತಿದ್ದ ಯಜಮಾನರೊಬ್ಬರನ್ನು ಕೇಳಿದೆ, “ಸಾರ್, ಇಲ್ಲಿ ಹೊಳೆ ಯಾವ ಕಡೆ ಹರಿಯುತ್ತೆ?”

“ಹೊಳೇನಾ? ಹುಟ್ಟಿದಾಗಿಂದ ಇಲ್ಲೇ ಇದೀನಿ, ಯಾವ ಹೊಳೇನೂ ನೋಡಿಲ್ಲಪ್ಪ. ಯಾರೋ ನಿಮಗೆ ಟೋಪಿ ಹಾಕಿದಾರೆ.”

ಮೂಗಿಗೆ ಹಿಡಿದಿದ್ದ ಕರ್ಚೀಫು ತೆಗೆಯದೇ ಹೇಳಿದರು.

೨. ಇವತ್ತು ಬೇಡ

ಚಾಮರಾಜಪೇಟೆಯಲ್ಲಿ ಬಾಟಲಿಗೆ ನೀರು ಹಿಡೀತಿದ್ದೆ. ಹಿತ್ತಲ ಬಾಗಿಲಿಂದ ಒಬ್ಬ ಗೃಹಿಣಿ ಇಣುಕಿ, ಏನು ಮಾಡ್ತಿದೀರಿ ಅಂದರು.

“ನೀರು ಎಷ್ಟು ಕೆಟ್ಟಿದೆ ಅಂತ ನೋಡ್ತಿದೀನಮ್ಮ.”

ಪಾಪ, ಆಕೆಗೆ ಬಹಳ ಸಂಕೋಚವಾಯ್ತು. “ಅಯ್ಯೋ, ಇವತ್ತು ನಮ್ಮನೇಲಿ ತಿಥಿ ಕಣ್ರೀ, ಪಾತ್ರೆ ಜಾಸ್ತಿ ತೊಳೆದಿದೀವಿ. ನಾಳೆ ಬನ್ನಿ, ನೀರು ಚೆನ್ನಾಗಿರತ್ತೆ.”

ಮಾರನೇ ದಿನವೂ ಹೋದೆ. ಪಕ್ಕದ ಮನೇಲಿ ನಾಮಕರಣ.

೩. ಇನ್‌ಸ್ಪೆಕ್ಷನ್

ಬಸವನಗುಡಿಯಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಮನೆ ಹಿಂದೆ, ಬಂಡೆ ಸಂದಿಯಿಂದ ಸಣ್ಣ ತೊರೆ ಜಿನುಗುತ್ತಿತ್ತು. ಪಾಚಿ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳು. ಅಷ್ಟು ದಿನ ಕೊಚ್ಚೆ ತುಳಿದವನಿಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಅಲ್ಲಿ ಕಾರು ನಿಲ್ಲಿಸೋಕೆ ಚಪ್ಪಡಿ ಹಾಸಿಕೊಡಿ ಅಂತ ಬೀದಿಯವರ ಅರ್ಜಿ ಆಗಲೇ ಹೋಗಿತ್ತು. ಮೇಡಂ ಒಬ್ಬರೇ ಬೇಡ ಅಂತ ಹಟ ಹಿಡಿದಿದ್ದರು.

“ಸೋಮವಾರ ನಮ್ಮ ಸಾಹೇಬರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ ಮೇಡಂ. ಅವರು ಮಾರ್ಕ್ಸ್ ಕೊಟ್ಟರೆ ತೊರೆ ಉಳಿಯುತ್ತೆ,” ಅಂದೆ. ನಾನು ಮಾಡಿದ ತಪ್ಪು ಅಷ್ಟೇ.

ಸೋಮವಾರ ಹೋದರೆ, ಬಂಡೆ ಫಳಫಳ ಹೊಳೀತಿದೆ! ಪಾಚಿಯ ಸುಳಿವಿಲ್ಲ. ನೀರಿನಂಚಿಗೆ ರಂಗೋಲಿ. ಬ್ಲೀಚಿಂಗ್ ಪೌಡರ್ ವಾಸನೆ ಬೀದಿವರೆಗೂ. ಇನ್‌ಸ್ಪೆಕ್ಷನ್ ಅಂದರೆ ಶಾಲೇಲಿ ಹಾಗೇ ಮಾಡಿ ರೂಢಿ ಅವರಿಗೆ. ಸಾಹೇಬರು ಅರ್ಧ ಗಂಟೆ ಹುಡುಕಿದರು. ಒಂದು ಹುಳವೂ ಸಿಗಲಿಲ್ಲ. “ಸೊನ್ನೆ,” ಅಂದರು.

ನೀರಲ್ಲಿ ಹುಳ ಬದುಕಿದ್ದರೇ ಮಾರ್ಕ್ಸ್, ಬ್ಲೀಚಿಂಗ್ ಪೌಡರ್‌ಗೆ ಎಲ್ಲ ಸತ್ತಿವೆ ಅಂತ ಹೇಳಿದಾಗ ಮೇಡಂ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಅವನ್ನೆಲ್ಲ ನಾನೇ ಕೊಂದ್ನಾ?” ಅಂತ ಕಟ್ಟೆ ಮೇಲೆ ಕೂತುಬಿಟ್ಟರು. ಆಮೇಲೆ ಸಾಹೇಬರ ಕಡೆ ತಿರುಗಿದರು. “ತಪ್ಪು ಮಾಡಿದ್ದು ನಾನು. ತೊರೇನ ಯಾಕೆ ಫೇಲ್ ಮಾಡ್ತೀರಿ? ಸಪ್ಲಿಮೆಂಟರಿ ಇಡಿ.”

ಸಾಹೇಬರು ಫಾರಂ ಮಡಚಿ ಜೇಬಿಗಿಟ್ಟುಕೊಂಡರು. “ಮಳೆಗಾಲ ಮುಗೀಲಿ, ಬರ್ತೀವಿ.”

ಮಳೆಗಾಲ ಮುಗಿದ ಮೇಲೆ ಹೋದೆವು. ಬಂಡೆಗೆ ಮತ್ತೆ ಪಾಚಿ ಹತ್ತಿತ್ತು. ಸಾಹೇಬರು ಮಂಡಿಯೂರಿ ಎಣಿಸಿದರು: ಬಸವನಹುಳು ಮೂರು, ಚಿಟ್ಟೆ ಮರಿ ಎರಡು.

“ಪಾಸಾ?” ಮೇಡಂ ಬಗ್ಗಿ ಕೇಳಿದರು.

“ಪಾಸು ಮೇಡಂ. ಚಪ್ಪಡಿ ಬರಲ್ಲ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಲೇ ನಾನು ಗೋಡೆ ನೋಡಿದ್ದು. ಎಷ್ಟೋ ಮಕ್ಕಳಿಗೆ ಉಗುರು ಕತ್ತರಿಸಿಲ್ಲ ಅಂತ ಬೆತ್ತದ ರುಚಿ ತೋರಿಸಿದ ಕೈ, ಒಂದು ಹಲಗೆಯ ಮೇಲೆ ದುಂಡಗೆ ಬರೆದು ನೇತುಹಾಕಿತ್ತು:

“ಇಲ್ಲಿ ಯಾರೂ ಸ್ವಚ್ಛ ಮಾಡಬಾರದು.”